ಕಾಲೇಜಿಗೆ ಬರುವ ಡ್ರಗ್ಸ್ ಜಾಗೃತಿ ಕಾರ್ಯಕ್ರಮಗಳು: ಯಾವುದನ್ನು ಕರೆಸಬೇಕು, ಯಾವುದಕ್ಕೆ ದೂರದಿಂದಲೇ ಕೈಮುಗಿಯಬೇಕು

ಜೂನ್ 26 ಹತ್ತಿರ ಬಂತೆಂದರೆ ಕಾಲೇಜು ಸಭಾಂಗಣಗಳಿಗೆ ಬಿಡುವಿರುವುದಿಲ್ಲ. ವಿಶ್ವಸಂಸ್ಥೆ 1987ರಲ್ಲಿ ಆ ದಿನವನ್ನು ಮಾದಕ ವಸ್ತು ವಿರೋಧಿ ದಿನವೆಂದು ಗೊತ್ತುಮಾಡಿತು. ಅಂದಿನ ಕಾರ್ಯಕ್ರಮದ ಕ್ರಮ ಎಲ್ಲರಿಗೂ ಬಾಯಿಪಾಠ: ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರು, ಗಣ್ಯರಿಗೆ ಶಾಲು, ಭಾಷಣ, ಪ್ರತಿಜ್ಞೆ, ಸ್ಮರಣಿಕೆ, ವಂದನಾರ್ಪಣೆ. ಒಂದೂವರೆ ಗಂಟೆಯಲ್ಲಿ ಅರ್ಧ ಗಂಟೆ ವೇದಿಕೆಯ ಮರ್ಯಾದೆಗೇ ಹೋಗುತ್ತದೆ. ಮಿಕ್ಕ ಒಂದು ಗಂಟೆಯಲ್ಲಿ ಹಿಂದಿನ ಸಾಲಿನ ಹುಡುಗನಿಗೆ ಏನು ದಕ್ಕಿತು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಆ ಲೆಕ್ಕ ಹಾಕಿ, ಕರ್ನಾಟಕದ ಪಿಯು ಮತ್ತು ಪದವಿ ಕಾಲೇಜುಗಳಿಗೆ ಸಿಗುವ ಬಗೆಬಗೆಯ ಕಾರ್ಯಕ್ರಮಗಳನ್ನು ಇಲ್ಲಿ ತೂಗಿದ್ದೇವೆ. ಕರೆಸುವ ಜವಾಬ್ದಾರಿ ಹೊತ್ತ ಉಪನ್ಯಾಸಕರಿಗೆ ಇದು ಉಪಯೋಗಕ್ಕೆ ಬಂದರೆ ಸಾಕು.

ತೂಗಲು ಬಳಸಿದ ಅಳತೆಗೋಲು ನಾಲ್ಕೇ ಪ್ರಶ್ನೆ. ಗಾಂಜಾ ಸೇದುವುದಕ್ಕೂ ಜೇಬಿನಲ್ಲಿ ಇಟ್ಟುಕೊಳ್ಳುವುದಕ್ಕೂ ಕಾನೂನಿನಲ್ಲಿ ಏನು ವ್ಯತ್ಯಾಸ? ಐದು ಜನ ದುಡ್ಡು ಹಾಕಿ ತರಿಸಿದರೆ ತೂಕ ಯಾರ ತಲೆಗೆ? ಮೈ ತಪಾಸಣೆಗೆ ನಿಲ್ಲಿಸಿದರೆ ಏನು ಕೇಳುವ ಹಕ್ಕಿದೆ? ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಹೋದರೆ ಕೇಸು ಏನಾಗುತ್ತದೆ? ಕಾರ್ಯಕ್ರಮ ಮುಗಿಸಿ ಹೊರಬರುವ ವಿದ್ಯಾರ್ಥಿ ಈ ನಾಲ್ಕರಲ್ಲಿ ಮೂರಕ್ಕಾದರೂ ಸರಿಯಾಗಿ ಉತ್ತರಿಸದಿದ್ದರೆ, ಆ ಕಾರ್ಯಕ್ರಮ ಫೋಟೊಗೆ ಆಯಿತು, ಪಾಠಕ್ಕೆ ಆಗಲಿಲ್ಲ.

ಹೆದರಿಸುವ ಭಾಷಣ

ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಪೊಲೀಸ್ ಅಧಿಕಾರಿಯ ಭಾಷಣ. ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆಗೆ ಒಂದು ಪತ್ರ ಬರೆದರೆ ಸಾಕು, ಖರ್ಚಿಲ್ಲ. ಬರುವವರಿಗೆ ವಿಷಯ ಗೊತ್ತಿಲ್ಲ ಎನ್ನುವಂತಿಲ್ಲ. ಊರಲ್ಲಿ ಏನು ಓಡಾಡುತ್ತಿದೆ, ಯಾವ ಹೆಸರಿನಲ್ಲಿ, ಯಾವ ಪಾರ್ಸೆಲ್‌ನಲ್ಲಿ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಆದರೆ ನಾನೂರು ಜನರ ಮುಂದೆ ಮೈಕ್ ಹಿಡಿದಾಗ ಆ ತಿಳಿವಳಿಕೆ 'ಇಪ್ಪತ್ತು ವರ್ಷ ಒಳಗೆ ಹೋಗ್ತೀರಿ, ಜೀವನ ಹಾಳು' ಎಂಬ ಒಂದೇ ವಾಕ್ಯಕ್ಕೆ ಇಳಿದುಬಿಡುತ್ತದೆ. ಇಲ್ಲೇ ಎಡವುವುದು. ಪಕ್ಕದ ಬೀದಿಯ ಹುಡುಗನೊಬ್ಬ ಗಾಂಜಾ ಸೇದಿ ಸಿಕ್ಕಿಬಿದ್ದು, ದಂಡ ಕಟ್ಟಿ ಮನೆಗೆ ಬಂದಿರುವುದು ಕೇಳುಗರಲ್ಲಿ ಹತ್ತು ಜನಕ್ಕಾದರೂ ಗೊತ್ತಿರುತ್ತದೆ. ಇಪ್ಪತ್ತು ವರ್ಷದ ಮಾತು ಅವರ ಕಿವಿಯಲ್ಲಿ ಸುಳ್ಳಾಗುತ್ತದೆ. ಒಂದು ಮಾತು ಸುಳ್ಳೆನಿಸಿದ ಮೇಲೆ ಮುಂದಿನ ನಿಜಕ್ಕೂ ಬೆಲೆ ಇಲ್ಲ.

ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಸೇರಿ 2018ರಲ್ಲಿ ಪರಿಷ್ಕರಿಸಿದ ತಡೆಗಟ್ಟುವಿಕೆಯ ಮಾನದಂಡಗಳು ಇದನ್ನು ನೇರವಾಗಿಯೇ ಹೇಳಿವೆ. ಬರೀ ಉಪನ್ಯಾಸ, ಭಯ ಹುಟ್ಟಿಸಲೆಂದೇ ಕೊಡುವ ಮಾಹಿತಿ, ಹಿಂದೆ ವ್ಯಸನಿಗಳಾಗಿದ್ದವರ ಸಾಕ್ಷ್ಯ, ಪೊಲೀಸರೇ ಪಾಠ ಮಾಡುವುದು: ಶಾಲೆಗಳಲ್ಲಿ ಫಲ ಕೊಡದ, ಕೆಲವೊಮ್ಮೆ ತಿರುಗುಬಾಣವಾಗುವ ವಿಧಾನಗಳ ಪಟ್ಟಿಯಲ್ಲಿ ಇವೆಲ್ಲ ಇವೆ. ಅಮೆರಿಕದಲ್ಲಿ 1983ರಲ್ಲಿ ಲಾಸ್ ಏಂಜಲೀಸ್‌ನಿಂದ ಶುರುವಾದ 'ಡೇರ್' ಕಾರ್ಯಕ್ರಮ ಸಮವಸ್ತ್ರದ ಪೊಲೀಸರನ್ನೇ ತರಗತಿಗೆ ಕಳಿಸಿ, ವರ್ಷಗಟ್ಟಲೆ ನಡೆದು, ಅಧ್ಯಯನದ ಮೇಲೆ ಅಧ್ಯಯನ 'ಉಳಿಯುವಂಥ ಪರಿಣಾಮ ಕಾಣುತ್ತಿಲ್ಲ' ಎಂದ ಮೇಲೆ ತನ್ನ ಪಠ್ಯವನ್ನೇ ಬದಲಿಸಿಕೊಳ್ಳಬೇಕಾಯಿತು. ನಮ್ಮಲ್ಲಿ ಇನ್ನೂ ಹಳೇ ಪಠ್ಯವೇ ನಡೆಯುತ್ತಿದೆ.

ಹಾಗೆಂದು ಪೊಲೀಸರನ್ನು ಕರೆಸಲೇಬೇಡಿ ಎಂದಲ್ಲ. ಭಾಷಣಕ್ಕೆ ಕರೆಸಬೇಡಿ, ಪ್ರಶ್ನೋತ್ತರಕ್ಕೆ ಕರೆಸಿ. ವಾರದ ಮೊದಲೇ ಚೀಟಿ ಬರೆಸಿ, ಹೆಸರಿಲ್ಲದೆ ಸಂಗ್ರಹಿಸಿ, ಇಪ್ಪತ್ತು ಪ್ರಶ್ನೆ ಆರಿಸಿ ಅಧಿಕಾರಿಗೆ ಮುಂಚಿತವಾಗಿ ಕಳಿಸಿಕೊಡಿ. ಅದೇ ಅಧಿಕಾರಿ, ಅದೇ ಒಂದು ಗಂಟೆ. ಆದರೆ ಹುಡುಗರು ಮೊಬೈಲ್ ಕೆಳಗಿಡುತ್ತಾರೆ.

ಗೆದ್ದು ಬಂದವರ ಕಥೆ

ಚಟ ಬಿಟ್ಟವರೊಬ್ಬರು ವೇದಿಕೆಯಲ್ಲಿ ತಮ್ಮ ಕಥೆ ಹೇಳುವ ಕಾರ್ಯಕ್ರಮಕ್ಕೆ ಚಪ್ಪಾಳೆ ಜಾಸ್ತಿ. ಕಣ್ಣೀರೂ ಬರುತ್ತದೆ. ಆದರೆ ಹದಿನೆಂಟರ ಹುಡುಗ ಆ ಕಥೆಯಿಂದ ಎತ್ತಿಕೊಳ್ಳುವ ಪಾಠ ಬೇರೆ: 'ಅಷ್ಟೆಲ್ಲ ಮಾಡಿಯೂ ಆರಾಮಾಗಿ ನಿಂತಿದ್ದಾರಲ್ಲ.' ಬದುಕುಳಿದವರು ಮಾತ್ರ ವೇದಿಕೆಗೆ ಬರುತ್ತಾರೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಈ ಕಥೆಗಳಿಗೆ ಸರಿಯಾದ ಜಾಗ ವ್ಯಸನಮುಕ್ತಿ ಕೇಂದ್ರದ ಗುಂಪು ಸಭೆ, ಇಲ್ಲವೇ ಪೋಷಕರ ಸಭೆ.

ಪ್ರತಿಜ್ಞಾವಿಧಿ, ಜಾಥಾ, ರಂಗೋಲಿ ಸ್ಪರ್ಧೆ ಇವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಶುರುವಾದ ನಶಾ ಮುಕ್ತ ಭಾರತ ಅಭಿಯಾನದ ನಂತರ ಇವು ಹೆಚ್ಚಿವೆ. ಮಾಡಿದರೆ ತಪ್ಪಿಲ್ಲ, ಮಾಡದಿದ್ದರೆ ನಷ್ಟವೂ ಇಲ್ಲ. ಪಾಠದ ಸಮಯವನ್ನು ಮಾತ್ರ ಅವು ತಿನ್ನಬಾರದು.

ಕಾನೂನು ಪಾಠ: ನಿಜವಾದ ವಸ್ತು ಇಲ್ಲಿದೆ

ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಗಳ ಮೂಲಕ ವಕೀಲರನ್ನು ಉಚಿತವಾಗಿ ಕರೆಸಬಹುದು. ಮಾದಕ ವ್ಯಸನದ ಕುರಿತೇ ರಾಷ್ಟ್ರೀಯ ಪ್ರಾಧಿಕಾರದ 2015ರ ಯೋಜನೆಯೊಂದಿದೆ, ಅದರ ಹೆಸರು ಹೇಳಿ ಪತ್ರ ಬರೆದರೆ ಕೆಲಸ ಸಲೀಸು. ನಾಲ್ಕು ಪ್ರಶ್ನೆಗಳ ಅಳತೆಗೋಲಿಗೆ ಹತ್ತಿರ ಬರುವುದು ಇದೇ ಬಗೆ. ಆದರೆ ವಕೀಲರು ಸೆಕ್ಷನ್ ಓದುತ್ತಾ ಹೋದರೆ ಹದಿನೈದನೇ ನಿಮಿಷಕ್ಕೆ ಸಭೆ ನಿದ್ದೆಗೆ ಜಾರುತ್ತದೆ. ಗೆಲ್ಲುವ ಪಾಠ ತೂಕದಿಂದ ಶುರುವಾಗುತ್ತದೆ, ಸೆಕ್ಷನ್‌ನಿಂದಲ್ಲ.

ಯಾಕೆಂದರೆ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಬೆನ್ನೆಲುಬೇ ತೂಕ. ಪ್ರತಿ ಪದಾರ್ಥಕ್ಕೂ ಎರಡು ಗೆರೆ: ಸಣ್ಣ ಪ್ರಮಾಣ, ವಾಣಿಜ್ಯ ಪ್ರಮಾಣ. ಗಾಂಜಾಕ್ಕೆ 1 ಕಿಲೊ ಮತ್ತು 20 ಕಿಲೊ. ಚರಸ್‌ಗೆ 100 ಗ್ರಾಂ ಮತ್ತು 1 ಕಿಲೊ. ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. ಕೊಕೇನ್‌ಗೆ 2 ಗ್ರಾಂ ಮತ್ತು 100 ಗ್ರಾಂ. ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ಎಲ್‌ಎಸ್‌ಡಿಗೆ 0.002 ಗ್ರಾಂ ಮತ್ತು 0.1 ಗ್ರಾಂ. ಸಣ್ಣ ಪ್ರಮಾಣದೊಳಗಿದ್ದರೆ ಒಂದು ವರ್ಷದವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2014ರ ತಿದ್ದುಪಡಿಗೆ ಮುಂಚೆ ಈ ಸಜೆ ಆರು ತಿಂಗಳಿತ್ತು; ಹಳೇ ಸ್ಲೈಡ್‌ಗಳಲ್ಲಿ ಇನ್ನೂ ಅದೇ ಅಂಕಿ ಇರುತ್ತದೆ, ಭಾಷಣಕಾರರು ತಮ್ಮ ಸಾಮಗ್ರಿಯನ್ನು ಎಂದು ತಿದ್ದಿದರೆಂಬುದಕ್ಕೆ ಒಳ್ಳೆಯ ಪರೀಕ್ಷೆ ಅದು. ಎರಡು ಗೆರೆಗಳ ನಡುವೆ ಇದ್ದರೆ ಹತ್ತು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು; ದಂಡ ಒಂದರಿಂದ ಎರಡು ಲಕ್ಷ.

ಈ ಅಂಕಿಗಳನ್ನು ಪರದೆಯ ಮೇಲೆ ತೋರಿಸಿದರೆ ಯಾರಿಗೂ ಅರ್ಥವಾಗುವುದಿಲ್ಲ. ಕೈಗೆ ಕೊಟ್ಟರೆ ಅರ್ಥವಾಗುತ್ತದೆ. 500 ಮಿಲಿಗ್ರಾಂ ಎಂದು ಬರೆದಿರುವ ಪ್ಯಾರಸಿಟಮಾಲ್ ಮಾತ್ರೆಯ ಸ್ಟ್ರಿಪ್ಪನ್ನು ಒಂದು ಸಾಲಿಗೆ ದಾಟಿಸಿ. 'ಈ ಒಂದು ಮಾತ್ರೆಯಲ್ಲಿರುವ ಔಷಧಿಯಷ್ಟು ತೂಕ ದಾಟಿದರೆ ಎಂಡಿಎಂಎ ಸಣ್ಣ ಪ್ರಮಾಣ ಅಲ್ಲ' ಎನ್ನಿ. ಆಮೇಲೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ 10 ಗ್ರಾಂ ಸಕ್ಕರೆ ಸುರಿಯಿರಿ. ಹೆಚ್ಚೂಕಡಿಮೆ ಎರಡು ಟೀ ಚಮಚ. 'ಇದನ್ನು ದಾಟಿದರೆ ಕನಿಷ್ಠ ಹತ್ತು ವರ್ಷ.' ತಕ್ಕಡಿಯ ಮೇಲಿನ ಆ ಪುಟ್ಟ ಗುಡ್ಡೆ ಮಾಡುವ ಕೆಲಸವನ್ನು ಯಾವ ಬ್ಯಾನರೂ ಮಾಡದು. ಸಭೆ ಒಂದು ಕ್ಷಣ ಸದ್ದಿಲ್ಲದೆ ಕೂರುತ್ತದೆ, ಮತ್ತು ಅದಕ್ಕೆ ಯಾರೂ ಗದರಿಸಬೇಕಾಗಿಲ್ಲ.

ತೂಕದ ಪಾಠದಲ್ಲೇ ಮೂರು ಕಡೆ ಭಾಷಣಕಾರರು ಎಡವುತ್ತಾರೆ.

ಒಂದು, ಕಲಬೆರಕೆ. ಪುಡಿಯಲ್ಲಿ ಅಸಲಿ ಮಾಲು ಸ್ವಲ್ಪ, ಮಿಕ್ಕಿದ್ದೆಲ್ಲ ಯಾವುದೋ ಪೌಡರ್ ಆಗಿದ್ದರೆ ಎಷ್ಟು ಲೆಕ್ಕ? ಹೀರಾ ಸಿಂಗ್ ಪ್ರಕರಣದಲ್ಲಿ 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮಿಶ್ರಣದ ಇಡೀ ತೂಕವನ್ನೇ ಹಿಡಿಯಬೇಕೆಂದಿತು. ಅಸಲಿ ಅಂಶ ಮಾತ್ರ ಲೆಕ್ಕಕ್ಕೆ ಎಂದಿದ್ದ 2008ರ ತೀರ್ಪು ಅಲ್ಲಿಗೆ ಬಿದ್ದುಹೋಯಿತು. ಮಾರುವವನು ತೂಕ ಹೆಚ್ಚಿಸಲು ಬೆರೆಸಿದ ಪುಡಿಗೂ ಕೊಂಡವನೇ ಶಿಕ್ಷೆ ಅನುಭವಿಸಬೇಕು.

ಎರಡು, ಪಾಲು. ಐದು ಗೆಳೆಯರು, ತಲಾ 0.4 ಗ್ರಾಂ ಎಂಡಿಎಂಎಯಂತೆ ದುಡ್ಡು ಹಾಕಿದರು ಎನ್ನೋಣ. ಪ್ರತಿಯೊಬ್ಬನ ಲೆಕ್ಕದಲ್ಲೂ ಅದು ಸಣ್ಣ ಪ್ರಮಾಣ. ಆದರೆ ತರಲು ಹೋದವನ ಜೇಬಿನಲ್ಲಿ ಸಿಗುವುದು 2 ಗ್ರಾಂ. ಗೆರೆ ದಾಟಿತು, ಒಂದು ವರ್ಷದ ಗರಿಷ್ಠ ಸಜೆ ಹತ್ತು ವರ್ಷವಾಯಿತು. 'ನಾನು ಮಾರುವವನಲ್ಲ ಸಾರ್' ಎಂಬ ಮಾತಿನಿಂದ ಹಂತ ಬದಲಾಗುವುದಿಲ್ಲ, ಏಕೆಂದರೆ ಕಾಯ್ದೆ ಕೇಳುವುದು ಎಷ್ಟು ಎಂದು, ಯಾಕೆ ಎಂದಲ್ಲ. ಮನೆಯಲ್ಲಿ ಕೂತು ಯುಪಿಐ ಮಾಡಿದ ನಾಲ್ವರೂ ನಿರಾಳವಲ್ಲ. ಸೆಕ್ಷನ್ 29ರ ಒಳಸಂಚು, ಕುಮ್ಮಕ್ಕಿಗೆ ಮೂಲ ಅಪರಾಧದಷ್ಟೇ ಶಿಕ್ಷೆ ಇದೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಮಾಡಿ ತೋರಿಸುವವರು ಸಿಕ್ಕರೆ ಅವರನ್ನು ಬಿಡಬೇಡಿ.

ಮೂರು, 'ಸಣ್ಣ ಪ್ರಮಾಣ' ಎಂಬ ಪದ. ಒಂದು ಕಿಲೊವರೆಗೆ ಗಾಂಜಾ ಇಟ್ಟುಕೊಳ್ಳಲು ಅನುಮತಿ ಇದೆ ಎಂದು ನಂಬಿಕೊಂಡು ಹೊರಬರುವ ವಿದ್ಯಾರ್ಥಿಗಳಿರುತ್ತಾರೆ, ತಪ್ಪು ಅವರದ್ದಲ್ಲ. ಒಂದು ಗ್ರಾಂ ಇದ್ದರೂ ಅಪರಾಧವೇ, ಶಿಕ್ಷೆಯ ಹಂತ ಮಾತ್ರ ಕೆಳಗಿನದು ಎಂದು ಬಿಡಿಸಿ ಹೇಳಲೇಬೇಕು. ಗಾಂಜಾ ಗಿಡದ ಎಲೆಯಿಂದ ಮಾಡುವ ಭಂಗಿಯ ಪ್ರಶ್ನೆಯೂ ಇದರ ಬೆನ್ನಿಗೇ ಬರುತ್ತದೆ, ಯಾವ ಸಭೆಯಲ್ಲೂ ತಪ್ಪುವುದಿಲ್ಲ. ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿ ಜತೆಗಿಲ್ಲದ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. ಹಾಗಂತ ಎಲೆ ಮುಕ್ತ ಎಂದೂ ಅಲ್ಲ, ಅದು ರಾಜ್ಯಗಳ ಅಬಕಾರಿ ಕಾನೂನಿನ ಕೈಗೆ ಹೋಗುತ್ತದೆ. ಇದನ್ನು ಎರಡು ವಾಕ್ಯದಲ್ಲಿ ಹೇಳಿ ಮುಂದೆ ಹೋಗಬಲ್ಲವರು ಬೇಕು. ಹಾರಿಕೆಯ ಉತ್ತರ ಕೊಟ್ಟರೆ ಮಿಕ್ಕ ಗಂಟೆ ಭಂಗಿಯಲ್ಲೇ ಕಳೆಯುತ್ತದೆ.

ಸೇವನೆಗೆ ಬೇರೆಯೇ ಸೆಕ್ಷನ್, 27. ಕೊಕೇನ್, ಮಾರ್ಫಿನ್, ಹೆರಾಯಿನ್ ಸೇವಿಸಿದರೆ ಒಂದು ವರ್ಷದವರೆಗೆ ಸಜೆ ಅಥವಾ 20,000 ರೂಪಾಯಿವರೆಗೆ ದಂಡ; ಗಾಂಜಾದಂಥವಕ್ಕೆ ಆರು ತಿಂಗಳವರೆಗೆ ಅಥವಾ 10,000 ರೂಪಾಯಿವರೆಗೆ; ಎರಡೂ ವಿಧಿಸಬಹುದು. ಪತ್ರಿಕೆಯ ಜಿಲ್ಲಾ ಪುಟದಲ್ಲಿ 'ವೈದ್ಯಕೀಯ ಪರೀಕ್ಷೆಯಲ್ಲಿ ಗಾಂಜಾ ಸೇವನೆ ದೃಢ' ಎಂದು ಬರುವ ಸುದ್ದಿ ಇದೇ ಸೆಕ್ಷನ್ನಿನದು. ಜೇಬಿನಲ್ಲಿ ಏನೂ ಸಿಗದಿದ್ದರೂ ಮೂತ್ರ ಪರೀಕ್ಷೆಯಿಂದ ಕೇಸು ಹುಟ್ಟಬಹುದು, ಮತ್ತು ಗಾಂಜಾದ ಅಂಶ ಅಪರೂಪಕ್ಕೆ ಸೇದುವವರ ಮೂತ್ರದಲ್ಲಿ ಕೆಲವು ದಿನ, ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಸಿಗುತ್ತದೆ. ದಂಡ ಕಟ್ಟಿದರೆ ಮುಗಿಯಿತು ಎಂಬ ಭಾವನೆಯನ್ನು ಒಳ್ಳೆಯ ಪಾಠ ಇಲ್ಲಿ ಮುರಿಯುತ್ತದೆ. ಕೇಸು ಕೋರ್ಟಿನಲ್ಲಿ ಬಾಕಿ ಇರುವಾಗ ಪಾಸ್‌ಪೋರ್ಟ್ ಕಾಯ್ದೆಯ ಸೆಕ್ಷನ್ 6(2)(ಎಫ್) ಅಡಿ ಪಾಸ್‌ಪೋರ್ಟ್ ನಿರಾಕರಿಸಬಹುದು, ಕೋರ್ಟಿನ ಅನುಮತಿಗೆ ಅಲೆಯಬೇಕು. ವಿದೇಶದಲ್ಲಿ ಎಂಎಸ್ ಮಾಡುವ ಕನಸಿರುವ ಎಂಜಿನಿಯರಿಂಗ್ ಹುಡುಗನಿಗೆ ಇಪ್ಪತ್ತು ವರ್ಷದ ಜೈಲಿಗಿಂತ ಈ ಒಂದು ಸಾಲು ಹೆಚ್ಚು ನಾಟುತ್ತದೆ.

ಜಾಮೀನಿನ ಮಾತನ್ನೂ ಬಿಡಬಾರದು. ವಾಣಿಜ್ಯ ಪ್ರಮಾಣವಾದರೆ ಸೆಕ್ಷನ್ 37 ಅಡ್ಡ ನಿಲ್ಲುತ್ತದೆ: ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣವಿದೆ, ಹೊರಗೆ ಬಂದು ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಶಿಕ್ಷೆಯಾಗುವ ಮೊದಲೇ ಕಾಲೇಜಿನ ವರ್ಷಗಳು ಒಳಗೆ ಕಳೆದುಹೋಗುವುದು ಹೀಗೆ.

ಹಕ್ಕಿನ ಪಾಠ ಹೇಳಿದರೆ ಮಕ್ಕಳು ಕೆಡುತ್ತಾರೆಯೇ?

ಪ್ರಾಂಶುಪಾಲರು ಹಿಂಜರಿಯುವುದು ಇಲ್ಲಿ. ತಪಾಸಣೆಯ ಹಕ್ಕು ಹೇಳಿಕೊಟ್ಟರೆ ತಪ್ಪಿಸಿಕೊಳ್ಳುವ ದಾರಿ ಹೇಳಿಕೊಟ್ಟಂತೆ ಎಂಬ ಅಳುಕು. ನಮ್ಮ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಶಿಕ್ಷೆಯನ್ನಷ್ಟೇ ಹೇಳಿ ಹಕ್ಕನ್ನು ಮುಚ್ಚಿಟ್ಟರೆ ಅದು ಕಾನೂನಿನ ಪಾಠವಲ್ಲ, ಅರ್ಧ ಓದಿದ ನೋಟಿಸು. ಹುಡುಗರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಹೇಳಬೇಕಾದ್ದು ಇಷ್ಟೇ. ಮೈ ತಪಾಸಣೆಗೆ ಮುಂಚೆ, ಹತ್ತಿರದ ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಮಾಡಿಸಿಕೊಳ್ಳುವ ಹಕ್ಕಿದೆಯೆಂದು ಅಧಿಕಾರಿ ತಿಳಿಸಬೇಕು, ಸೆಕ್ಷನ್ 50. ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಹೇಳಿದೆ. ಹೆಣ್ಣುಮಕ್ಕಳನ್ನು ಹೆಣ್ಣುಮಕ್ಕಳೇ ತಪಾಸಣೆ ಮಾಡಬೇಕು. ಆದರೆ, ಮತ್ತು ಇದನ್ನು ಹೇಳದ ವಕೀಲರೇ ಹೆಚ್ಚು, ಸೆಕ್ಷನ್ 50 ಮೈಗೆ ಮಾತ್ರ. ಕೈಯಲ್ಲಿರುವ ಬ್ಯಾಗಿಗೆ, ಸ್ಕೂಟರಿನ ಡಿಕ್ಕಿಗೆ ಅನ್ವಯಿಸುವುದಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ. ತನಿಖೆಯ ಅಧಿಕಾರವುಳ್ಳ ಇತರ ಇಲಾಖೆಗಳ ಅಧಿಕಾರಿಗಳಿಗೂ ಇದೇ ನಿಯಮ ಎಂಬುದು ತೂಫಾನ್ ಸಿಂಗ್ ಪ್ರಕರಣದಲ್ಲಿ 2020ರ ಅಕ್ಟೋಬರ್‌ನಲ್ಲಿ ಇತ್ಯರ್ಥವಾಯಿತು. ಬಂಧನವಾದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರು ಸಿಗುತ್ತಾರೆ.

ಪಿಯು ಕಾಲೇಜಿನಲ್ಲಿ ಇನ್ನೊಂದು ಮಾತು ಸೇರಬೇಕು. ಅದೇ ಬೆಂಚಿನಲ್ಲಿ ಹದಿನೇಳರವನೂ ಹದಿನೆಂಟು ತುಂಬಿದವನೂ ಕೂತಿರುತ್ತಾರೆ, ಇಬ್ಬರಿಗೂ ಕಾನೂನು ಬೇರೆ. ಹದಿನೆಂಟರ ಒಳಗಿನವರು ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತಾರೆ, ಅವರ ಗುರುತು ಬಹಿರಂಗಪಡಿಸುವಂತಿಲ್ಲ. ಆದರೆ ಕನಿಷ್ಠ ಏಳು ವರ್ಷ ಸಜೆ ಇರುವ ಅಪರಾಧಗಳನ್ನು 2015ರ ಬಾಲನ್ಯಾಯ ಕಾಯ್ದೆ ಘೋರ ಅಪರಾಧ ಎನ್ನುತ್ತದೆ. ವಾಣಿಜ್ಯ ಪ್ರಮಾಣದ ಕೇಸು ಆ ಗುಂಪಿಗೆ ಬೀಳುತ್ತದೆ, ಆಗ ಹದಿನಾರು ದಾಟಿದವರನ್ನು ವಯಸ್ಕರಂತೆ ವಿಚಾರಣೆ ಮಾಡಬೇಕೇ ಎಂಬ ಪ್ರಾಥಮಿಕ ಪರಿಶೀಲನೆ ನಡೆಯುತ್ತದೆ. ಸೀನಿಯರ್ ಒಬ್ಬ ಹದಿನೆಂಟು ತುಂಬದ ಜೂನಿಯರ್ ಕೈಲಿ ಪಾರ್ಸೆಲ್ ಕಳಿಸಿದರೆ, ಕಳಿಸಿದವನಿಗೆ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 78ರಡಿ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಇದು ಸೀನಿಯರ್‌ಗಳ ತರಗತಿಯಲ್ಲಿ ಹೇಳಬೇಕಾದ ಮಾತು.

ಆಯ್ಕೆಯ ಪಾಠ

ಆಯ್ಕೆ ನಿನ್ನದು ಎಂದು ಹೇಳಿ ಬಿಟ್ಟರೆ ಅದು ಪಾಠವಾಗುವುದಿಲ್ಲ. ಯಾವ ಕ್ಷಣದಲ್ಲಿ ಆಯ್ಕೆ ಇರುತ್ತದೆ ಎಂದು ತೋರಿಸಬೇಕು, ಮತ್ತು ಅದು ಸಾಮಾನ್ಯವಾಗಿ ಸೇದುವ ಕ್ಷಣವಲ್ಲ. ಅದಕ್ಕಿಂತ ಒಂದೆರಡು ಹೆಜ್ಜೆ ಹಿಂದಿನದು. 'ಮಗಾ, ಈ ಬ್ಯಾಗು ನಿನ್ ರೂಮಲ್ಲಿ ಇಟ್ಕೊಂಡಿರು, ಸಂಜೆ ತಗೊಂಡ್ ಹೋಗ್ತೀನಿ.' ಬಾಯಿಗೆ ಏನನ್ನೂ ಮುಟ್ಟಿಸದವನೂ ಆರೋಪಿಯಾಗುವುದು ಈ ವಾಕ್ಯದಿಂದ. ಮಾಲು ಸಿಕ್ಕಿದ ಮೇಲೆ 'ಗೊತ್ತಿರಲಿಲ್ಲ' ಎಂದು ಸಾಬೀತು ಮಾಡುವ ಹೊರೆ ಸೆಕ್ಷನ್ 35, 54ರ ಊಹೆಗಳಿಂದಾಗಿ ಆರೋಪಿಯ ಕಡೆಗೆ ವಾಲುತ್ತದೆ. ಬಾಡಿಗೆ ಮನೆ ಯಾರ ಹೆಸರಿನಲ್ಲಿದೆಯೋ ಅವನು ತಿಳಿದೂ ತಿಳಿದೂ ಜಾಗ ಬಿಟ್ಟುಕೊಟ್ಟರೆ ಸೆಕ್ಷನ್ 25.

ಇದನ್ನು ಅಭ್ಯಾಸ ಮಾಡಿಸುವ ಕಾರ್ಯಾಗಾರಗಳು ಈಗ ಸಿಗುತ್ತವೆ, ಮನೋವೈದ್ಯಕೀಯ ಸಮಾಜಕಾರ್ಯ ಓದಿದವರು ನಡೆಸುತ್ತಾರೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ 'ನವಚೇತನಾ' ಮಾಡ್ಯೂಲ್‌ಗಳೂ ಶಾಲಾ ಶಿಕ್ಷಕರಿಗೆ ಜೀವನ ಕೌಶಲದ ಇದೇ ದಾರಿಯನ್ನು ಹಿಡಿದಿವೆ. ನಾಲ್ಕು ಜನರ ಗುಂಪು, ಒಬ್ಬ ಒತ್ತಾಯಿಸುವವನು, ಒಬ್ಬ ಒಲ್ಲೆ ಎನ್ನುವವನು, ಇಬ್ಬರು ನೋಡುವವರು. ಮೂರು ನಿಮಿಷ, ಆಮೇಲೆ ಪಾತ್ರ ಬದಲು. ಒಂದು ಸಲ ಬೇಡ ಎಂದರೆ ಸಾಲದು, ಮೂರು ಬಾರಿ ಬೇರೆಬೇರೆ ರೀತಿಯಲ್ಲಿ ಜಾರಿಕೊಳ್ಳಬೇಕು ಎಂಬ ನಿಯಮವಿಟ್ಟರೆ ಕಸರತ್ತಿಗೆ ಅರ್ಥ ಬರುತ್ತದೆ. ಮೊದಲ 'ಬೇಡ ಕಣೋ' ಎಲ್ಲರಿಗೂ ಬರುತ್ತದೆ. 'ಏನೋ ದೊಡ್ಡ ಸಾಚಾ ಥರ ಆಡ್ತೀಯ' ಎಂದಮೇಲಿನ ಎರಡನೆಯದಕ್ಕೇ ತಡವರಿಸುವುದು.

ಹಾಳಾಗುವುದು ಎಲ್ಲಿ? ಮೊದಲನೆಯದಾಗಿ ಸಂಭಾಷಣೆಯ ಭಾಷೆ. 'ಗೆಳೆಯಾ, ಮಾದಕ ವಸ್ತುಗಳ ಸೇವನೆ ಆರೋಗ್ಯಕ್ಕೆ ಹಾನಿಕರ' ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಇಡೀ ಕ್ಲಾಸು ಬಿದ್ದು ಬಿದ್ದು ನಗುತ್ತದೆ, ನ್ಯಾಯವಾಗಿಯೇ. ಸಂದರ್ಭವನ್ನು ಮಾತ್ರ ಕೊಟ್ಟು ಮಾತನ್ನು ಅವರಿಗೇ ಬಿಡಬೇಕು. ಎರಡನೆಯದಾಗಿ, ಉಪನ್ಯಾಸಕರು ಮುಂದಿನ ಬೆಂಚಿನ ಒಳ್ಳೆ ಹುಡುಗನಿಗೇ ಒಲ್ಲೆ ಎನ್ನುವ ಪಾತ್ರ ಕೊಡುತ್ತಾರೆ. ಅವನಿಗೆ ಅದರ ಅಗತ್ಯ ಅಷ್ಟಿಲ್ಲ. ಮೂರನೆಯದು, ಗುಂಪಿನ ಗಾತ್ರ. ಒಬ್ಬ ತರಬೇತುದಾರರಿಗೆ ಮೂವತ್ತೈದು ನಲವತ್ತು ಜನ ಮೀರಿದರೆ ಗದ್ದಲ, ಅಷ್ಟೆ. ನಾನೂರು ಜನರಿಗೆ ಒಂದೇ ದಿನ ಮಾಡಿಕೊಡುತ್ತೇವೆ ಎನ್ನುವವರು ಭಾಷಣ ಮಾಡಿ ಹೋಗುತ್ತಾರೆ. ತರಗತಿಯ ಒಂದು ಸೆಕ್ಷನ್‌ಗೆ ಎರಡು ಪೀರಿಯಡ್, ಹದಿನೈದು ದಿನ ಬಿಟ್ಟು ಮತ್ತೆ ಎರಡು ಎಂದು ಒಪ್ಪುವವರನ್ನು ಹುಡುಕಿ.

ಇನ್ನು ಮದ್ಯ. ದೆಹಲಿ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮದ್ಯ ಸೇವಿಸುವವರು ಶೇ 14.6, ಗಾಂಜಾ ಭಂಗಿ ವರ್ಗ ಶೇ 2.8. ಆದರೂ ಜಾಗೃತಿ ಸ್ಲೈಡ್‌ಗಳಲ್ಲಿ ಬಾಟಲಿಯ ಸುಳಿವೇ ಇರುವುದಿಲ್ಲ. ಮನೆಯಲ್ಲಿ ದಿನಾ ಬಾಟಲಿ ನೋಡುವ ಹುಡುಗನಿಗೆ ಈ ಮೌನ ಕೇಳಿಸುತ್ತದೆ.

ಸ್ಥಳದಲ್ಲೇ ಮೂತ್ರ ಪರೀಕ್ಷೆ: ಬೇಡ

ಜಾಗೃತಿಯ ಜತೆಗೆ ಕಿಟ್ ತಂದು ಇಡೀ ಕಾಲೇಜಿಗೆ ಪರೀಕ್ಷೆ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಕಿಟ್ ಮಾಡುವುದು ಪ್ರಾಥಮಿಕ ಜರಡಿ ಮಾತ್ರ, ಪ್ರಯೋಗಾಲಯದಲ್ಲಿ ಖಚಿತಪಡಿಸದೆ ಅದನ್ನು ನಂಬುವಂತಿಲ್ಲ. ಕೆಲವು ನೆಗಡಿ, ಕೆಮ್ಮಿನ ಔಷಧಿಗಳು ತಪ್ಪು ಪಾಸಿಟಿವ್ ಕೊಡುತ್ತವೆ. ಗಸಗಸೆಯಲ್ಲಿ ಮಾರ್ಫಿನ್ ಅಂಶ ಅಂಟಿಕೊಂಡಿರಬಹುದಾದ್ದರಿಂದ ಹಿಂದಿನ ದಿನದ ಗಸಗಸೆ ಪಾಯಸವೂ ಅಫೀಮಿನ ಪಟ್ಟಿಯಲ್ಲಿ ಪಾಸಿಟಿವ್ ತೋರಿಸಬಹುದು, ಹಬ್ಬದ ಮರುದಿನ ಈ ಶಿಬಿರ ಇಟ್ಟವರ ಗತಿ ಊಹಿಸಿಕೊಳ್ಳಿ. ಇದಕ್ಕಿಂತ ದೊಡ್ಡ ನಷ್ಟ ಬೇರೆ: ಪರೀಕ್ಷೆ ನಡೆದ ಕಾಲೇಜಿನಲ್ಲಿ ಸಹಾಯ ಬೇಕಿದ್ದವನು ಕೌನ್ಸೆಲರ್ ಬಾಗಿಲು ತಟ್ಟುವುದನ್ನು ನಿಲ್ಲಿಸುತ್ತಾನೆ.

ನಾಲ್ಕನೇ ಪ್ರಶ್ನೆ

ಚಿಕಿತ್ಸೆಯ ಬಾಗಿಲನ್ನು ಕಾಯ್ದೆಯೇ ತೆರೆದಿಟ್ಟಿದೆ. ಸೆಕ್ಷನ್ 64ಎ ಪ್ರಕಾರ, ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಹೋದರೆ ಆ ಆರೋಪಗಳಿಂದ ರಕ್ಷಣೆ ಸಿಗುತ್ತದೆ. ಇದನ್ನು 'ಆಸ್ಪತ್ರೆಗೆ ಸೇರಿದರೆ ಕೇಸು ಖುಲಾಸೆ' ಎಂದು ಸರಳಗೊಳಿಸುವ ಭಾಷಣಕಾರರಿಂದ ತೊಂದರೆಯೇ ಹೆಚ್ಚು. ಷರತ್ತುಗಳಿವೆ: ವ್ಯಸನ ಇರಬೇಕು, ಒಮ್ಮೆ ರುಚಿ ನೋಡಿದವನಿಗೆ ಇದು ಹೇಳಿದ್ದಲ್ಲ. ಸರ್ಕಾರ ಇಲ್ಲವೇ ಸ್ಥಳೀಯ ಪ್ರಾಧಿಕಾರ ನಡೆಸುವ ಅಥವಾ ಮಾನ್ಯ ಮಾಡಿದ ಸಂಸ್ಥೆಯಾಗಬೇಕು, ಹೆದ್ದಾರಿ ಬದಿಯ ಬೋರ್ಡು ನೋಡಿ ಸೇರಿಸಿದ ಮಾನ್ಯತೆಯಿಲ್ಲದ ಕೇಂದ್ರ ನಡೆಯುವುದಿಲ್ಲ. ಚಿಕಿತ್ಸೆ ಪೂರ್ತಿಯಾಗಬೇಕು, ನಡುವೆ ಬಿಟ್ಟರೆ ರಕ್ಷಣೆ ಹಿಂಪಡೆಯಬಹುದು. ಇನ್ನು ಕೇಸೇ ಇಲ್ಲದೆ ವೈದ್ಯರ ಬಳಿ ಹೋದವರ ಮಾಹಿತಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ 23 ಗೋಪ್ಯತೆ ಕೊಡುತ್ತದೆ. ಮದ್ಯ, ಮಾದಕ ವಸ್ತುಗಳಿಂದಾಗುವ ತೊಂದರೆಗಳೂ ಆ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಹುಡುಗರು ಚೀಟಿಯಲ್ಲಿ ಬರೆದು ಕೇಳುವ ಪ್ರಶ್ನೆಗಳಲ್ಲಿ 'ಡಾಕ್ಟರ್ ಪೊಲೀಸಿಗೆ ಹೇಳ್ತಾರಾ' ಎಂಬುದು ಇರಲೇ ಇರುತ್ತದೆ, ಉತ್ತರ ಸಿದ್ಧವಿರಲಿ.

ಗೆಳೆಯ ಪ್ರಜ್ಞೆ ತಪ್ಪಿ ಬಿದ್ದರೆ ಏನು ಮಾಡಬೇಕು ಎಂಬ ಐದು ನಿಮಿಷವನ್ನು ಬಹುತೇಕ ಕಾರ್ಯಕ್ರಮಗಳು ಹಾರಿಸುತ್ತವೆ. 108ಕ್ಕೆ ಕರೆ, ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸುವುದು, ಬಾಯಿಗೆ ನೀರು ಹಾಕದಿರುವುದು, ಏನು ತೆಗೆದುಕೊಂಡ ಎಂದು ವೈದ್ಯರಿಗೆ ನಿಜ ಹೇಳುವುದು. ನೆಲದ ಮೇಲೆ ಒಬ್ಬನನ್ನು ಮಲಗಿಸಿ ತೋರಿಸಿ, ಬಾಯಲ್ಲಿ ಹೇಳಿದರೆ ನೆನಪಿರುವುದಿಲ್ಲ.

ಕೊನೆಗೆ ಬ್ಯಾನರಿನ ಕೆಳಗೆ ಹಾಕುವ ನಂಬರುಗಳು. ಕೇಂದ್ರ ಮಾದಕ ವಸ್ತು ನಿಯಂತ್ರಣ ಬ್ಯೂರೊದ 'ಮಾನಸ್' ಸಹಾಯವಾಣಿ 1933. ಮಾರಾಟದ ಸುಳಿವು ಕೊಡಲೂ ಬಳಸುತ್ತಾರೆ. 'ಟೆಲಿ ಮಾನಸ್' ಎಂಬುದು ಬೇರೆ, 14416. ಅದು ಮಾನಸಿಕ ಆರೋಗ್ಯದ್ದು, ನಿಮ್ಹಾನ್ಸ್ ಅದರ ಕೇಂದ್ರಬಿಂದು. ವ್ಯಸನಮುಕ್ತಿ ಸಲಹೆಗೆ 14446, ಉಚಿತ ಕಾನೂನು ನೆರವಿಗೆ 15100. ಮೊದಲೆರಡರ ಹೆಸರು ಒಂದೇ ಥರ ಇರುವುದರಿಂದ ಫ್ಲೆಕ್ಸ್‌ನಲ್ಲಿ ಅದಲುಬದಲಾಗುವುದು ಸುಲಭ, ಸಲಹೆ ಬೇಕಿದ್ದವನು ತನಿಖಾ ಸಂಸ್ಥೆಯ ನಂಬರಿಗೆ ಫೋನ್ ಮಾಡಿ ಗಾಬರಿಯಿಂದ ಕಟ್ ಮಾಡಬಾರದು. ಪ್ರಿಂಟಿಗೆ ಕೊಡುವ ಮೊದಲು ಸ್ಪೀಕರ್ ಆನ್ ಮಾಡಿ ನಾಲ್ಕಕ್ಕೂ ಒಂದೊಂದು ಕರೆ ಮಾಡಿ, ಯಾರು ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರಾ ಎಂದು ಕೇಳಿಸಿಕೊಳ್ಳಿ.